ಕೆಲಸಕ್ಕೆ ಮೇಲ್ ಹಾಕುವ ಮುಂಚೆ ಇದನ್ನೊಮ್ಮೆ ನೋಡಿ

ವಸಂತನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದ ಕಡೆಯ ಕಂಪನಿಗಳಿಗೆ ಅರ್ಜಿ ಕಳಿಸುವವರು ಹೆಚ್ಚಾಗಿ ಎಡವೋದು ಸಬ್ಜೆಕ್ಟ್ ಸಾಲಿನಲ್ಲಿ. ಖಾಲಿ ಬಿಡ್ತಾರೆ, ಇಲ್ಲಾ ಬರೀ ‘ರೆಸ್ಯೂಮ್’ ಅಂತ ಹಾಕ್ತಾರೆ. ಅಂಥದ್ದೇ ನೂರು ಮೇಲ್ ಬಿದ್ದಿರುವ ಕಡೆ ನಿಮ್ಮದನ್ನು ಹುಡುಕೋರು ಯಾರು? ‘ಫಿಟ್ಟರ್ ಹುದ್ದೆಗೆ ಅರ್ಜಿ, ಐಟಿಐ 2024, ತುಮಕೂರು’ ಅಂತಿದ್ದರೆ ತೆರೆಯದೆಯೇ ವಿಷಯ ಗೊತ್ತಾಗುತ್ತೆ.

ಶುರುವಿಗೆ ‘ಮಾನ್ಯರೇ’. ‘ಹಾಯ್ ಸರ್’ ಬೇಡ, ಅಲ್ಲಿರೋರು ಮೇಡಂ ಆಗಿರಬಹುದು. ಯಾವ ಹುದ್ದೆಗೆ ಬರೀತಿದ್ದೀರಿ ಅನ್ನೋದು ಮೊದಲ ವಾಕ್ಯದಲ್ಲೇ ಬರಲಿ, ಕುಶಲೋಪರಿ ಬೇಕಿಲ್ಲ. ಓದು, ಅನುಭವ ಮೂರು ಸಾಲು. ಕೊನೆಗೆ ‘ವಂದನೆಗಳೊಂದಿಗೆ’, ಕೆಳಗೆ ಪೂರ್ತಿ ಹೆಸರು, ಊರು, ಮೊಬೈಲ್ ನಂಬರ್. ಇಂಗ್ಲಿಷಲ್ಲಿ ಬರೆದರೂ ಕ್ರಮ ಇದೇ. ತಾಲ್ಲೂಕು ಕಚೇರಿಗಾದರೆ ಧಾರಾಳವಾಗಿ ಕನ್ನಡದಲ್ಲೇ ಬರೀರಿ.

‘ಟು’ ಜಾಗವನ್ನು ಕೊನೆಗೆ ತುಂಬಿ. ಅರ್ಧ ಬರೆದಿದ್ದಾಗ ಕೈತಪ್ಪಿ ಸೆಂಡ್ ಒತ್ತಿದರೂ ಹೋಗಲ್ಲ. ಹತ್ತು ಕಂಪನಿಯ ವಿಳಾಸ ‘ಸಿಸಿ’ಗೆ ಹಾಕಿದರೆ ಎಲ್ಲರಿಗೂ ಎಲ್ಲರ ವಿಳಾಸ ಕಾಣುತ್ತೆ, ಮರ್ಯಾದೆ ಅಲ್ಲೇ ಹೋಯ್ತು. ಒಬ್ಬೊಬ್ಬರಿಗೂ ಬೇರೆ ಮೇಲ್ ಕಳಿಸಿ.

ಅಂಕಪಟ್ಟಿಯ ಫೋಟೋಗಳನ್ನು ಬಿಡಿಬಿಡಿಯಾಗಿ ಹಾಕದೆ ಒಂದೇ ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರಿಡಿ. ಜಿಮೇಲಲ್ಲಿ 25 ಎಂಬಿ ದಾಟಿದರೆ ಫೈಲ್ ಬದಲು ಗೂಗಲ್ ಡ್ರೈವ್‌ನಲ್ಲಿರುವ ಫೈಲಿನ ಲಿಂಕ್ ಹೋಗುತ್ತೆ. ನೋಡೋಕೆ ಅನುಮತಿ ಕೊಡದಿದ್ದರೆ ಆ ಕಡೆಯವರಿಗೆ ಅದು ತೆರೆಯೋದೇ ಇಲ್ಲ.

ಕಂಪ್ಯೂಟರಲ್ಲಿ ಜಿಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ ‘ಅನ್‌ಡು ಸೆಂಡ್’ (ಕಳಿಸಿದ ಮೇಲ್ ತಡೆಯೋ ಸೌಲಭ್ಯ) ಅನ್ನು 30 ಸೆಕೆಂಡಿಗೆ ಇಟ್ಟುಕೊಳ್ಳಿ. ಫೈಲ್ ಲಗತ್ತಿಸೋದು ಮರೆತದ್ದು ನೆನಪಾಗೋದೇ ಕಳಿಸಿದ ಮೇಲೆ!