ಹಾಲು ಸಾಲ್ತಿಲ್ಲ ಅಂದವರು ಹಲವರು, ಕೂತು ನೋಡಿದವರು ಒಬ್ಬರೇ

ಏಳನೇ ತಿಂಗಳಲ್ಲಿ ನಾನು ಪಟ್ಟಿ ಹಿಡಿದು ಅಂಗಡಿ ಸುತ್ತಿದ್ದೆ. ಕುಲಾವಿ, ಸೊಳ್ಳೆ ಪರದೆ, ಎರಡು ಫೀಡಿಂಗ್ ನೈಟಿ, ಒಂದು ಪಂಪು. ಹಾಲು ಕುಡಿಸೋದನ್ನು ಯಾರ ಹತ್ತಿರ ಕಲೀಬೇಕು ಅನ್ನೋದು ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಅದೇನು ಕಲಿಯುವಂಥದ್ದಾ, ತಾನಾಗೇ ಬರುತ್ತೆ ಅಂದುಕೊಂಡಿದ್ದೆ. ಸ್ಕ್ಯಾನಿಂಗಿಗೆ, ಇಂಜೆಕ್ಷನ್‌ಗೆ ಅಂತ ತಾಯಿ ಕಾರ್ಡನ್ನು ಎಷ್ಟು ಸಲ ತೆಗೆದಿದ್ದೆನೋ ಲೆಕ್ಕವಿಲ್ಲ. ಅದರೊಳಗೇ ಹಾಲು ಕುಡಿಸುವ ಚಿತ್ರಗಳಿವೆ ಅಂತ ಕಣ್ಣಿಗೆ ಬಿದ್ದಿದ್ದು ಹೆರಿಗೆಯಾಗಿ ವಾರದ ಮೇಲೆ.

ಹೆರಿಗೆ ಆಗಿದ್ದು ಬೆಂಗಳೂರಿನ ಒಂದು ನರ್ಸಿಂಗ್ ಹೋಮಿನಲ್ಲಿ. ಸಿಸೇರಿಯನ್. ಮಗುವನ್ನು ನನ್ನ ಪಕ್ಕಕ್ಕೆ ತಂದು ಮಲಗಿಸುವಷ್ಟರಲ್ಲಿ ಐದು ಗಂಟೆ ಕಳೆದಿತ್ತು. ತಾಯಿಗೆ ಇನ್ನೂ ಹಾಲು ಬಂದಿಲ್ಲ ಅಂತ ಡಬ್ಬಿ ಹಾಲು ಕುಡಿಸಿಯೂ ಆಗಿತ್ತು. ಮೊದಲ ಎರಡು ಮೂರು ದಿನ ಬರೋದು ಚಮಚದ ಲೆಕ್ಕದ ಗಿಣ್ಣು ಹಾಲು, ಆಗ ತಾನೇ ಹುಟ್ಟಿದ ಕೂಸಿಗೆ ಬೇಕಾಗಿರೋದೂ ಅಷ್ಟೇ. ಸಿಸೇರಿಯನ್ ಆದರೂ ತಾಯಿ, ಮಗು ಚೆನ್ನಾಗಿದ್ದರೆ ಒಂದು ಗಂಟೆಯೊಳಗೇ ಎದೆಗೆ ಹಚ್ಚಬಹುದು. ಮೊದಲೇ ಕೇಳಬೇಕಿತ್ತು. ಕೇಳಬಹುದು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಐದನೇ ದಿನ ಬಾಣಂತನಕ್ಕೆ ತಿಪಟೂರಿನ ಹತ್ತಿರದ ನಮ್ಮೂರಿಗೆ ಬಂದೆ. ಅಷ್ಟು ಹೊತ್ತಿಗೆ ತೊಟ್ಟು ಒಡೆದು ರಕ್ತ ಬರ್ತಿತ್ತು. ಮಗು ಅರ್ಧ ಗಂಟೆ ಚೀಪಿ, ಬಿಟ್ಟು, ಮತ್ತೆ ಅಳುತ್ತಿತ್ತು. "ಹಾಲು ಸಾಲ್ತಿಲ್ಲ ಕಣೇ" ಅಂದರು ಅಜ್ಜಿ. ನೋಡೋಕೆ ಬಂದ ಪಕ್ಕದ ಮನೆಯವರೂ ಅದನ್ನೇ ಅಂದರು. ಗಂಡ ಫೋನಿನಲ್ಲಿ "ಡಬ್ಬಿ ತಗೊಂಡು ಬರ್ಲಾ?" ಅಂತ ಕೇಳಿದರು. ಊಟಕ್ಕೇನೂ ಕೊರತೆ ಇರಲಿಲ್ಲ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಎಲ್ಲ ತಟ್ಟೆಗೆ ಬರ್ತಿತ್ತು. ನೀರು ಮಾತ್ರ ಅಳತೆ ಮೇಲೆ, ಬಾಣಂತಿ ನೀರು ಕುಡಿದರೆ ಮಗುವಿಗೆ ಶೀತವಂತೆ. ಬಾಯಾರಿ ಬಾಯಾರಿ ಸಾಕಾಗಿ ಹೋಗಿತ್ತು.

ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ಮೊಬೈಲ್ ಹಿಡಿದು ಎದೆಹಾಲು ಜಾಸ್ತಿ ಮಾಡೋದು ಹೇಗೆ ಅಂತ ಹುಡುಕಿದೆ. ಬಂದ ವಿಡಿಯೋಗಳಲ್ಲಿ ಮುಕ್ಕಾಲು ಪಾಲು ಕೊನೆಗೆ ತಾಯಿ ಕುಡಿದರೆ ಹಾಲು ಹೆಚ್ಚುತ್ತೆ ಅನ್ನೋ ಯಾವುದೋ ಪುಡಿ ಡಬ್ಬ ತೋರಿಸುತ್ತಿದ್ದವು. ನಾನೂ ಒಂದು ತರಿಸಿದೆ, ಸುಳ್ಳು ಯಾಕೆ ಹೇಳಲಿ.

ಏಳನೇ ದಿನ ಬೆಳಿಗ್ಗೆ ಊರಿನ ಆಶಾ ಕಾರ್ಯಕರ್ತೆ ಅಕ್ಕ ಬಂದರು. ನಾವು ಕರೆದಿರಲಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೇ ಬಂದು ನೋಡಬೇಕು ಅಂತ ನಿಯಮವೇ ಇದೆ. ಬೆಂಗಳೂರಿನಲ್ಲಿದ್ದ ನನಗೆ ಮೂರನೇ ದಿನದ್ದು ತಪ್ಪಿತ್ತು, ಅಷ್ಟೇ. ಚೀಲದಿಂದ ಜೋಲಿ ತಕ್ಕಡಿ ತೆಗೆದು ಮಗುವನ್ನು ತೂಗಿದರು. 2 ಕೆಜಿ 650 ಗ್ರಾಂ. ಹುಟ್ಟಿದಾಗ 2 ಕೆಜಿ 900 ಇತ್ತು.

"ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡುತ್ತೆ?"

ನಾನು ಎಣಿಸಿರಲಿಲ್ಲ. ಅಮ್ಮ ಒಗೆದ ಬಟ್ಟೆ ನೆನಪು ಮಾಡಿಕೊಂಡು ನಾಲ್ಕು ಅಂದರು. ಆರಾದರೂ ಆಗ್ಬೇಕು ಅಂದರು ಅಕ್ಕ. ಆಮೇಲೆ ಆ ಏಳು ದಿನದಲ್ಲಿ ಒಬ್ಬರೂ ಹೇಳದ ಮಾತು ಹೇಳಿದರು: "ಎಲ್ಲಿ, ಈಗ ಕುಡ್ಸಮ್ಮ. ನಾನು ನೋಡ್ತೀನಿ."

ಕುಡಿಸೋಕೆ ಕೂತೆ. ಮಗು ಅಂಗಾತ ಮಲಗಿ, ಕತ್ತು ಮಾತ್ರ ನನ್ನ ಕಡೆ ತಿರುಗಿಸಿತ್ತು. ಅಕ್ಕ ನನ್ನ ಕೈಗೆ ಒಂದು ಲೋಟ ನೀರು ಕೊಡಿಸಿದರು. "ನೀನೂ ಹಂಗೇ ಕತ್ತು ತಿರುಗಿಸ್ಕೊಂಡು ಕುಡಿ ನೋಡೋಣ." ಗಂಟಲಲ್ಲಿ ಇಳಿಯಲಿಲ್ಲ. ಕತ್ತು ನೆಟ್ಟಗೆ ಮಾಡಿಕೊಂಡು ಇಡೀ ಲೋಟ ಖಾಲಿ ಮಾಡಿದೆ. ಅಜ್ಜಿ ನೋಡ್ತಾನೇ ಇದ್ದರು, ಏನೂ ಅನ್ನಲಿಲ್ಲ.

ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ಅಂಟುವಂತೆ ತಿರುಗಿಸಿದರು. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿ. ಎಡಗಡೆ ಕುಡಿಸುವಾಗ ಮಗುವನ್ನು ಹಿಡಿಯೋದು ಬಲಗೈ, ಅಂಗೈ ಅದರ ಕತ್ತಿನ ಹಿಂದೆ. ತೊಟ್ಟಿನಿಂದ ಮೇಲ್ತುಟಿ ಮುಟ್ಟಿಸಿ, ಆಕಳಿಸುವಷ್ಟು ಅಗಲ ಬಾಯಿ ತೆರೆಯುವವರೆಗೆ ಕಾಯಬೇಕು. ನಾನು ಅಲ್ಲೇ ಅವಸರ ಮಾಡ್ತಿದ್ದೆ. ಬಾಯಿ ತೆರೆದ ಕೂಡಲೇ ಮಗುವನ್ನು ಎದೆಗೆ ತರಬೇಕು, ನಾವು ಬಗ್ಗಿ ಎದೆಯನ್ನು ಅದರ ಬಾಯಿಗೆ ತುರುಕಬಾರದು. ಗಲ್ಲ ಎದೆಗೆ ತಾಗಿತು, ಕೆಳತುಟಿ ಹೊರಕ್ಕೆ ಮಡಚಿಕೊಂಡಿತು, ತೊಟ್ಟಿನ ಸುತ್ತಲ ಕಪ್ಪು ಭಾಗ ಕೆಳಗಡೆ ಪೂರ್ತಿ ಬಾಯೊಳಗೆ. ನೋವು ಅರ್ಧಕ್ಕರ್ಧ ಇಳಿಯಿತು. ಸ್ವಲ್ಪ ಹೊತ್ತಿಗೆ "ಗುಟುಕ್" ಅಂತ ಸದ್ದು. ಒಂದು ವಾರದಲ್ಲಿ ಆ ಸದ್ದು ಕೇಳಿದ್ದು ಅದೇ ಮೊದಲು.

ತೂಕ ಇಳಿದಿದ್ದರಿಂದ ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿದರು. ಮಕ್ಕಳ ಡಾಕ್ಟರ್ ಕಾಮಾಲೆ ಇದೆಯಾ, ನಾಲಿಗೆ ಕೆಳಗೆ ಅಂಟಿಕೊಂಡಿದೆಯಾ ಅಂತ ನೋಡಿದರು. ಏನೂ ಇರಲಿಲ್ಲ. ದಿನಕ್ಕೆ 8ರಿಂದ 12 ಸಲ ಕುಡಿಸಿ, ರಾತ್ರಿಯದನ್ನು ಬಿಡಬೇಡಿ, ಎದೆ ಖಾಲಿಯಾದಷ್ಟೂ ಹಾಲು ಹುಟ್ಟುತ್ತೆ ಅಂದರು. ಪುಡಿ ಡಬ್ಬ ತೋರಿಸಿದೆ. ಪಕ್ಕಕ್ಕಿಟ್ಟರು. 14ನೇ ದಿನ ಅದೇ ಜೋಲಿಯಲ್ಲಿ 2 ಕೆಜಿ 900.

ಆಮೇಲೆ ವಿಡಿಯೋ ನೋಡುವ ರೀತಿಯೂ ಬದಲಾಯಿತು. ಏನಾದರೂ ಮಾರುವವರನ್ನು ಬಿಟ್ಟೆ. ಬಾಟಲಿ, ಡಬ್ಬಿ ಹಾಲಿನ ಜಾಹೀರಾತನ್ನು ನಮ್ಮಲ್ಲಿ 1992ರ ಕಾನೂನೇ ನಿಷೇಧಿಸಿದೆ, ತಾಯಂದಿರಿಗೆ ಮಾರುವ ಪುಡಿಗಳು ಮಾತ್ರ ಆ ಕಾನೂನಿನೊಳಗೆ ಬರಲ್ಲ. ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್‌ನವರು ಹಿಡಿಯುವುದು, ಕಚ್ಚಿಸುವುದನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಿದ್ದಾರೆ, ಕನ್ನಡದಲ್ಲೂ ಇದೆ. ಅಮ್ಮನ ಜೊತೆ ಕೂತು ಎರಡು ಸಲ ನೋಡಿದೆ. ಅಮ್ಮನಿಗೆ ಅರ್ಥವಾದದ್ದು ಬಹಳ ಅನುಕೂಲವಾಯಿತು. ಅಜ್ಜಿಗೆ ಉತ್ತರ ಕೊಡೋದು ಅವರೇ ಅಲ್ವಾ.

26 ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದಾಗ ಪಂಪು ಕೊನೆಗೂ ಉಪಯೋಗಕ್ಕೆ ಬಂತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಕಾನೂನಿನಲ್ಲೇ ಇದೆ ಅಂತ ಆಫೀಸಿನವರಿಗೆ ನಾನೇ ಹೇಳಬೇಕಾಯಿತು.

ಈಗ ತಂಗಿಗೆ ಎಂಟು ತಿಂಗಳು. ಹೋದ ತಿಂಗಳು ಎರಡು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಿಸೇರಿಯನ್ ಆದ್ರೆ ಮಗೂನ ಎಷ್ಟು ಹೊತ್ತಿಗೆ ಕೊಡ್ತೀರಾ, ಕುಡಿಸುವಾಗ ಜೊತೆಗೆ ಯಾರು ಕೂರ್ತಾರೆ ಅಂತ ಕೇಳಿಸಿದೆ. ಒಂದು ಕಡೆ "ಅದೆಲ್ಲ ಆಮೇಲೆ ನೋಡೋಣ" ಅಂದರು. ಇನ್ನೊಂದು ಕಡೆ ಒಬ್ಬ ಸಿಸ್ಟರ್ ಒಳಗಿಂದ ಬಟ್ಟೆಯ ಗೊಂಬೆ ತಂದು, "ಹಿಡ್ಕೊಳ್ಳಿ ನೋಡೋಣ" ಅಂದರು. ತಂಗಿ ಅದನ್ನು ಅಂಗಾತ ಹಿಡಿದಳು. ಸಿಸ್ಟರ್ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಅಲ್ಲೇ ಹೆಸರು ಬರೆಸಿದ್ದೇವೆ.