ಆಟಿಸಂ ಶಂಕೆಯಿರುವ ಮಗು ಪ್ರೌಢಶಾಲೆಗೆ ಹೊಂದಿಕೊಳ್ಳಲು ನೆರವಾಗುವುದು ಹೇಗೆ?

ಆಟಿಸಂ (ಇತರರೊಂದಿಗೆ ಬೆರೆಯುವ, ಮಾತುಕತೆಯಾಡುವ ರೀತಿಯೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಇರಬಹುದೆಂಬ ಶಂಕೆಯಿದ್ದು, ಏಳನೇ ತರಗತಿಯವರೆಗೆ ಹೇಗೋ ಹೊಂದಿಕೊಂಡಿದ್ದ ಮಗು ಎಂಟನೇ ತರಗತಿಗೆ ಸೇರಿದ ಕೆಲವೇ ವಾರಗಳಲ್ಲಿ ಶಾಲೆಯೇ ಬೇಡವೆಂದು ಹಟ ಹಿಡಿಯುವುದುಂಟು. ಪ್ರತಿ ವಿಷಯಕ್ಕೂ ಬೇರೆ ಶಿಕ್ಷಕರು, ಅವಧಿಗೊಮ್ಮೆ ಬಡಿಯುವ ಗಂಟೆ, ಗುರುತಿಲ್ಲದ ಸಹಪಾಠಿಗಳು ಎಲ್ಲವೂ ಒಮ್ಮೆಗೇ ಎದುರಾಗುವುದರಿಂದ ಹೀಗಾಗುತ್ತದೆ. ಇದನ್ನು ಸೋಮಾರಿತನವೆಂದು ಗದರಿಸಿದರೆ ಮಗು ಇನ್ನಷ್ಟು ಕುಗ್ಗುತ್ತದೆ.

ಬೇಸಿಗೆ ರಜೆಯಲ್ಲೇ ತಪಾಸಣೆಗೆ ಹೆಸರು ನೋಂದಾಯಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಆಟಿಸಂ ತಪಾಸಣೆ ನಡೆಯುತ್ತದೆ. ಆದರೆ ವರದಿ ಕೈಸೇರುವವರೆಗೆ ಶಾಲೆಯವರೊಂದಿಗೆ ಮಾತನಾಡದೆ ಕಾಯಬೇಡಿ. ಶಾಲೆಯಲ್ಲಿ ಮಾಡಬೇಕಾದ ಬಹುತೇಕ ಏರ್ಪಾಡುಗಳಿಗೆ ಯಾವ ಪ್ರಮಾಣಪತ್ರವೂ ಬೇಕಿಲ್ಲ.

ಮುಖ್ಯೋಪಾಧ್ಯಾಯರಿಗೂ ತರಗತಿ ಶಿಕ್ಷಕರಿಗೂ ಒಂದೇ ಪುಟದ ಪತ್ರ ಬರೆದುಕೊಡಿ. ಅದರಲ್ಲಿ ಆಟಿಸಂ ಎಂಬ ಹೆಸರಿಗಿಂತ ಕಣ್ಣಿಗೆ ಕಾಣುವ ಸಂಗತಿಗಳಿರಲಿ: 'ಹೆಸರು ಕೂಗಿದರೆ ತಕ್ಷಣ ಉತ್ತರಿಸುವುದಿಲ್ಲ, ಸ್ವಲ್ಪ ಕಾಯಬೇಕು, ಒಂದೇ ಸಲ ಮೂರು ಸೂಚನೆ ಕೊಟ್ಟರೆ ಗೊಂದಲಗೊಳ್ಳುತ್ತಾನೆ, ಬೋರ್ಡಿನ ಮೇಲೆ ಬರೆದರೆ ತಪ್ಪದೆ ಮಾಡುತ್ತಾನೆ, ಹಿಂದಿನಿಂದ ಮುಟ್ಟಿದರೆ ಬೆಚ್ಚುತ್ತಾನೆ.' ಇಂಥ ನಾಲ್ಕು ಸಾಲುಗಳು ಶಿಕ್ಷಕರಿಗೆ ದೊಡ್ಡ ವರದಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಶಾಲೆ ಆರಂಭವಾಗುವ ಮುನ್ನ, ಆವರಣ ಖಾಲಿಯಿರುವಾಗ, ಮಗುವನ್ನು ಕರೆದೊಯ್ದು ಗೇಟಿನಿಂದ ತರಗತಿಗೆ, ಅಲ್ಲಿಂದ ಶೌಚಾಲಯಕ್ಕೆ, ನೀರಿನ ನಲ್ಲಿಗೆ ನಡೆಸಿ. ವೇಳಾಪಟ್ಟಿ ಸಿಕ್ಕ ದಿನವೇ ಪ್ರತಿ ವಿಷಯಕ್ಕೆ ಒಂದು ಬಣ್ಣ ಗೊತ್ತುಮಾಡಿ, ಅದೇ ಬಣ್ಣದ ಹೊದಿಕೆಯನ್ನು ಪುಸ್ತಕಕ್ಕೂ ನೋಟ್‌ಬುಕ್ಕಿಗೂ ಹಾಕಿ.

ಅನೇಕ ಮಕ್ಕಳಿಗೆ ಪಾಠಕ್ಕಿಂತ ಬಿಡುವಿನ ವೇಳೆಯೇ ಕಠಿಣ. ಬಿಸಿಯೂಟದ ಸಾಲಿನ ನೂಕುನುಗ್ಗಲು, ಸ್ಟೀಲ್ ತಟ್ಟೆಗಳ ಸದ್ದು, ಸಾರಿನ ವಾಸನೆ ಒಟ್ಟಿಗೆ ಸೇರಿದಾಗ ಮಗು ಕಿವಿ ಮುಚ್ಚಿಕೊಂಡು ಮೂಲೆಗೆ ಸರಿಯಬಹುದು. ಸಾಲಿನಲ್ಲಿ ಮೊದಲು ಅಥವಾ ಕೊನೆಗೆ ಊಟ ಪಡೆಯಲು, ಗ್ರಂಥಾಲಯದಂಥ ಶಾಂತ ಕೋಣೆಯಲ್ಲಿ ಹತ್ತು ನಿಮಿಷ ಕೂರಲು ಅನುಮತಿ ಕೇಳಿ. ಮಾತು ಹೊರಡದಿದ್ದಾಗ ತೋರಿಸಲು, ಸಹಾಯ ಬೇಕೆಂದು ಬರೆದ ಒಂದು ಚೀಟಿ ಮಗುವಿನ ಜೇಬಿನಲ್ಲಿರಲಿ. ಅಣಕಿಸುವವರ ವಿಷಯದಲ್ಲಿ ಮಗು ದೂರು ಹೇಳುವವರೆಗೆ ಕಾಯುವಂತಿಲ್ಲ, ಏಕೆಂದರೆ ಅಣಕವೇ ಅದಕ್ಕೆ ತಿಳಿಯದಿರಬಹುದು.

ಮನೆಗೆ ಬಂದೊಡನೆ ಪ್ರಶ್ನೆಗಳ ಮಳೆ ಸುರಿಸದೆ ಸ್ವಲ್ಪ ಹೊತ್ತು ಅದರ ಪಾಡಿಗೆ ಬಿಡಿ.

ಆಟಿಸಂ ಖಚಿತವಾದರೆ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಎಂಟನೇ ತರಗತಿಯಲ್ಲೇ ಅರ್ಜಿ ಹಾಕುವುದು ಒಳ್ಳೆಯದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದ್ದು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿಯಂಥ ಅನುಕೂಲಗಳಿಗೆ ಅದರಲ್ಲಿ ಅವಕಾಶವಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇವುಗಳಲ್ಲಿ ಯಾವುದು ಬೇಕು, ಯಾವ ದಾಖಲೆಗಳನ್ನು ಯಾವಾಗ ಸಲ್ಲಿಸಬೇಕು ಎಂಬುದನ್ನು ಒಂಬತ್ತನೇ ತರಗತಿ ಮುಗಿಯುವುದರೊಳಗೆ ಮುಖ್ಯೋಪಾಧ್ಯಾಯರೊಂದಿಗೆ ಚರ್ಚಿಸಿ, ಅರ್ಜಿಯ ಸ್ವೀಕೃತಿ ಪಡೆದಿಟ್ಟುಕೊಳ್ಳಿ.