ಕಡಿಮೆ ಬಜೆಟ್ಟಿನ ಗೇಮಿಂಗ್ ಪಿಸಿಗೆ ನಾನು ಬಿಡಿಭಾಗ ಆರಿಸಿದ್ದು ಹೀಗೆ

ನಾನು ಲೆಕ್ಕ ಶುರು ಮಾಡಿದ್ದು ಪ್ರೊಸೆಸರಿನಿಂದಲ್ಲ, ಮಾನಿಟರಿನಿಂದ. ನನ್ನದು 1080ಪಿ (1920x1080 ಚುಕ್ಕೆಗಳ ತೆರೆ), 144 ಹರ್ಟ್ಜ್ (ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸುವುದು). ನಾನಾಡುವ ಗೇಮ್‌ಗಳು ಇದರ ಮೇಲೆ ಹೈ ಸೆಟ್ಟಿಂಗ್‌ನಲ್ಲಿ ಸರಾಗವಾಗಿ ಓಡಬೇಕು, ಅಷ್ಟೇ. ಇನ್ನೂ ಸೂಕ್ಷ್ಮವಾದ 1440ಪಿ, ಬೆಳಕು-ನೆರಳನ್ನು ನಿಜದಂತೆ ಲೆಕ್ಕಹಾಕುವ ರೇ ಟ್ರೇಸಿಂಗ್ ಎರಡರ ಆಸೆಯನ್ನೂ ಆಗಲೇ ಬಿಟ್ಟೆ. ಗುರಿ ಇಷ್ಟು ಗಟ್ಟಿಯಾದ ಮೇಲೆ ದುಡ್ಡು ಹಂಚುವುದು ಕಷ್ಟವಾಗಲಿಲ್ಲ: ಶೇ. 40ರ ಆಸುಪಾಸು ಗ್ರಾಫಿಕ್ಸ್ ಕಾರ್ಡಿಗೆ, ಮಿಕ್ಕದ್ದು ಮಿಕ್ಕೆಲ್ಲಕ್ಕೆ.

ಹೆಚ್ಚು ಹೊತ್ತು ಹಿಡಿದದ್ದು ಕಾರ್ಡೇ. ಅಗ್ಗದ ಕಾರ್ಡುಗಳನ್ನು ಹೆಸರು ನೋಡಿ ಕೊಳ್ಳುವಂತಿಲ್ಲ. ಸ್ಪೆಸಿಫಿಕೇಶನ್ ಪಟ್ಟಿಯ ಸಣ್ಣ ಸಾಲುಗಳನ್ನೆಲ್ಲ ಓದಲೇಬೇಕು. ಆರ್‌ಟಿಎಕ್ಸ್ 3050 ಒಂದನ್ನೇ ನೋಡಿ. 8 ಜಿಬಿ ಮೆಮೊರಿಯದರಲ್ಲಿ 2560 ಕೋರ್ (ಲೆಕ್ಕ ಮಾಡುವ ಘಟಕ), 128 ಬಿಟ್ ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ) ಇದೆ. 2024ರಲ್ಲಿ ಬಂದ 6 ಜಿಬಿಯದರಲ್ಲಿ 2304 ಕೋರ್, 96 ಬಿಟ್ ಬಸ್. ಹೆಸರು ಮಾತ್ರ ಎರಡಕ್ಕೂ ಒಂದೇ! ಆರ್‌ಎಕ್ಸ್ 6500 ಎಕ್ಸ್‌ಟಿ ಇನ್ನೂ ಅಗ್ಗ, ಆದರೆ ಅದರ ಮೆಮೊರಿ 4 ಜಿಬಿ, ಪಿಸಿಐಇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಓಡಾಡುವ ದಾರಿ) ಬರೀ ನಾಲ್ಕು. ಈಗಿನ ಗೇಮ್‌ಗಳ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರಗಳು) 4 ಜಿಬಿಯಲ್ಲಿ ಹಿಡಿಸದೆ ಹೋದಾಗ ಉಳಿದದ್ದು ಸಿಸ್ಟಮ್ ರ್‍ಯಾಮಿಗೆ ಹೋಗಿ ಕೂರುತ್ತದೆ, ಬೇಕಾದಾಗಲೆಲ್ಲ ಆ ನಾಲ್ಕು ಲೇನಿನಲ್ಲೇ ಹಿಂದಕ್ಕೆ ಬರಬೇಕು. ಹಳೆಯ ಪೀಳಿಗೆಯ ಪಿಸಿಐಇ 3.0 ಬೋರ್ಡಿನಲ್ಲಿ ಆ ದಾರಿಯ ವೇಗವೂ 4.0ರ ಅರ್ಧ. ಆಟ ತಡೆತಡೆದು ಓಡುವುದು ಅಲ್ಲಿಯೇ. ಸಾಲದ್ದಕ್ಕೆ ಅದರಲ್ಲಿ ವಿಡಿಯೊ ಎನ್‌ಕೋಡರ್ ಇಲ್ಲ, ಆಟ ರೆಕಾರ್ಡ್ ಮಾಡುವ ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ.

ಕೊನೆಗೆ ಆರ್‌ಎಕ್ಸ್ 6600 ತೆಗೆದುಕೊಂಡೆ. 8 ಜಿಬಿ ಮೆಮೊರಿ, ಎಂಟು ಲೇನ್, 132 ವ್ಯಾಟ್. ರೇ ಟ್ರೇಸಿಂಗಿನಲ್ಲಿ ಇದು ದುರ್ಬಲ, ಡಿಎಲ್‌ಎಸ್‌ಎಸ್ (ಸಣ್ಣ ಚಿತ್ರವನ್ನು ದೊಡ್ಡದು ಮಾಡಿ ಫ್ರೇಮ್ ಹೆಚ್ಚಿಸುವ ಎನ್‌ವಿಡಿಯಾ ತಂತ್ರ) ಇದಕ್ಕೆ ಸಿಗದು. ನನ್ನ ಗುರಿಗೆ ಎರಡೂ ಬೇಕಿರಲಿಲ್ಲ.

ಪ್ರೊಸೆಸರಿಗೆ ಎಎಂಡಿಯ ಹಳೆಯ ಎಎಂ4 ಸಾಕೆಟ್ಟನ್ನೇ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಆರಿಸಿದೆ. ಹೊಸ ಎಎಂ5ಗೆ ಹೋದರೆ ಹೊಸ ಬಗೆಯ ಡಿಡಿಆರ್5 ರ್‍ಯಾಮ್ ಕಡ್ಡಾಯ. ಬೋರ್ಡ್ ಮತ್ತು ರ್‍ಯಾಮಿನಲ್ಲಿ ಉಳಿದದ್ದು ಕಾರ್ಡಿಗೆ ಹೋಗಲಿ ಎಂಬುದು ನನ್ನ ನಿಲುವು. ರೈಜನ್ 5 5500 ಮತ್ತು 5600 ಎರಡರಲ್ಲೂ 6 ಕೋರ್, 12 ಥ್ರೆಡ್. ಆದರೆ 5500ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರಿನ ಒಳಗಿನ ವೇಗದ ಮೆಮೊರಿ) 16 ಎಂಬಿ, ಪಿಸಿಐಇ 3.0, 5600ರಲ್ಲಿ 32 ಎಂಬಿ, ಪಿಸಿಐಇ 4.0. ಗೇಮ್‌ಗಳಿಗೆ ಕ್ಯಾಶ್ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ, ಹಾಗಾಗಿ 5600. ಜೊತೆಗೆ ಬರುವ ಕೂಲರ್ ಇದಕ್ಕೆ ಸಾಕು. ಈ ಎರಡರಲ್ಲೂ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಹಾಕದೆ ತೆರೆ ಮೇಲೆ ಏನೂ ಬರದು. ಕಾರ್ಡನ್ನು ಆಮೇಲೆ ಕೊಳ್ಳೋಣ ಎನ್ನುವವರು ಇದನ್ನು ಮೊದಲೇ ಯೋಚಿಸಿಕೊಳ್ಳಬೇಕು.

ಬೋರ್ಡ್ ಬಿ550 ಚಿಪ್‌ಸೆಟ್ಟಿನದು. ರ್‍ಯಾಮ್ ಡಿಡಿಆರ್4 3200, 8 ಜಿಬಿಯ ಎರಡು ಕಡ್ಡಿ. 16ರ ಒಂದೇ ಕಡ್ಡಿ ಹಾಕಿದರೆ ಒಂದೇ ಚಾನೆಲ್ ಕೆಲಸ ಮಾಡುತ್ತದೆ, ಫ್ರೇಮ್ ರೇಟ್ ಕಣ್ಣಿಗೆ ಕಾಣುವಷ್ಟು ಇಳಿಯಬಹುದು. ಎಸ್‌ಎಸ್‌ಡಿ 1 ಟಿಬಿಯ ಎನ್‌ವಿಎಂಇ (ಪಿಸಿಐಇ ದಾರಿಯಲ್ಲೇ ಓಡುವ ವೇಗದ ಬಗೆ). ಗೇಮ್ ಲೋಡ್ ಆಗುವುದರಲ್ಲಿ ಪಿಸಿಐಇ 3.0ಕ್ಕೂ 4.0ಕ್ಕೂ ದೊಡ್ಡ ವ್ಯತ್ಯಾಸವಿಲ್ಲ, ಅಗ್ಗದ್ದೇ ಆದೀತು. ಕ್ಯಾಬಿನೆಟ್ಟಿನ ಮುಂಭಾಗ ಜಾಲರಿಯಿದ್ದರೆ ಸಾಕು, ಬಣ್ಣದ ದೀಪಕ್ಕೆ ನಾನು ದುಡ್ಡು ಹಾಕಲಿಲ್ಲ.

ಪವರ್ ಸಪ್ಲೈನಲ್ಲಿ ಮಾತ್ರ ಒಂದಿಷ್ಟೂ ಕೈಬಿಗಿ ಮಾಡಲಿಲ್ಲ. ಬೇರೆ ಯಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ಅದೊಂದೇ ಕೆಡುತ್ತದೆ, ಕಳಪೆ ಪವರ್ ಸಪ್ಲೈ ಕೆಟ್ಟರೆ ಬೋರ್ಡನ್ನೂ ಕಾರ್ಡನ್ನೂ ಕರೆದುಕೊಂಡು ಹೋಗಬಹುದು. 80 ಪ್ಲಸ್ ಮುದ್ರೆ ಹೇಳುವುದು ವಿದ್ಯುತ್ತನ್ನು ಎಷ್ಟು ಪೋಲಾಗದಂತೆ ಬಳಸುತ್ತದೆ ಎಂಬುದನ್ನು ಮಾತ್ರ. ರಕ್ಷಣೆಯ ಸರ್ಕ್ಯೂಟ್, ಕೆಪಾಸಿಟರ್‌ಗಳ ಗುಣಮಟ್ಟದ ಬಗ್ಗೆ ಅದು ಏನೂ ಹೇಳದು. ನಾನು ನೋಡಿದ್ದು ಪಕ್ಕದ ಲೇಬಲ್ಲಿನ 12 ವೋಲ್ಟ್ ಸಾಲು. ಅಲ್ಲಿ 45 ಆಂಪಿಯರ್ ಎಂದಿದ್ದರೆ 540 ವ್ಯಾಟ್. 550 ವ್ಯಾಟಿನದೆಂದು ಮಾರುವ ಸಪ್ಲೈನಲ್ಲಿ ಈ ಗುಣಾಕಾರ 550ರ ಹತ್ತಿರ ಬರದಿದ್ದರೆ ಅದನ್ನು ಅಲ್ಲೇ ಬಿಡುವುದು ಲೇಸು. ಕಾರ್ಡು 132, ಪ್ರೊಸೆಸರ್ ಹೆಚ್ಚೆಂದರೆ 76, ಮಿಕ್ಕದ್ದೆಲ್ಲ ಸೇರಿಸಿದರೂ 300 ದಾಟದು. ಆದರೂ 550 ಹಾಕಿದೆ: ಕ್ಷಣಮಾತ್ರ ಏರುವ ಹೊರೆಯನ್ನು ಅದು ತಡೆಯಬೇಕು, ಮುಂದೆ ಬರುವ ಕಾರ್ಡಿಗೂ ಆಗಬೇಕು. ಪ್ರೊಸೆಸರ್, ಕಾರ್ಡ್ ಸೆಕೆಂಡ್ ಹ್ಯಾಂಡ್ ಆದರೂ ಪರೀಕ್ಷಿಸಿ ಕೊಳ್ಳುತ್ತೇನೆ. ಪವರ್ ಸಪ್ಲೈ ಮಾತ್ರ ಹೊಸದೇ ಬೇಕು. ಅದು ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದದ್ದು) ಆಗಿದ್ದರೆ ಇನ್ನೊಂದು ಸಪ್ಲೈನ ಕೇಬಲ್ ತಂದು ಸಿಕ್ಕಿಸಬೇಡಿ. ಪ್ಲಗ್ ಕೂತರೂ ಒಳಗಿನ ಪಿನ್‌ಗಳ ಜೋಡಣೆ ಬೇರೆ ಇರಬಹುದು, ಡ್ರೈವ್ ಸುಟ್ಟುಹೋಗಬಹುದು.

ಜೋಡಿಸುವಾಗ ರ್‍ಯಾಮ್ ಕಡ್ಡಿಗಳನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡು ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿದೆ. ಬಯೋಸಿನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಎಕ್ಸ್‌ಎಂಪಿ, ಅಂದರೆ ರ್‍ಯಾಮನ್ನು ಅದರ ಮೇಲೆ ಬರೆದ ವೇಗಕ್ಕೆ ಏರಿಸುವ ಸೆಟ್ಟಿಂಗ್, ಆನ್ ಮಾಡಿದೆ. ಹಾಗೆ ಮಾಡದಿದ್ದರೆ ಬಹುಪಾಲು 3200 ಕಿಟ್‌ಗಳು ಅದಕ್ಕಿಂತ ಕಡಿಮೆ ವೇಗದಲ್ಲೇ ಓಡುತ್ತಿರುತ್ತವೆ. ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಒಟ್ಟಿಗೆ ಬಳಸಲು ಪ್ರೊಸೆಸರಿಗೆ ಬಿಡುವ ಸೌಲಭ್ಯ) ಕೂಡ ಅಲ್ಲೇ ಆನ್ ಆಗುತ್ತದೆ, ಅದಕ್ಕೆ ಸಿಎಸ್‌ಎಂ (ಹಳೆಯ ಬಗೆಯ ಬೂಟ್ ವ್ಯವಸ್ಥೆ) ಆಫ್ ಇರಬೇಕು. ವಿಂಡೋಸ್ ಹಾಕಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ರಿಫ್ರೆಶ್ ರೇಟ್ 144ಕ್ಕೆ ಏರಿಸಿದೆ. ತಾನಾಗಿ ಅದು 60ರಲ್ಲೇ ನಿಂತಿತ್ತು.